ಹೊರಗೆ ನಿಂತ ಚಿಕ್ಕಬೋರಮ್ಮ

ಅವ್ವಾ,

ನೀನು ಡೈರಿಯಿಂದ ಬರೋಷ್ಟರಲ್ಲಿ ನಾನು ಪಾಂಡವಪುರ ಸ್ಟೇಷನ್ನಿನಲ್ಲಿರ್ತೀನಿ. ಮುದ್ದೆ ಮುಚ್ಚಿಟ್ಟಿದ್ದೀನಿ, ಆರೋದ್ರೊಳಗೆ ಉಣ್ಣು. ಹಸುವಿಗೆ ಬೂಸಾ ಕಲಸಿಲ್ಲ. ಕನಸು ಬಿಡಲಿಲ್ಲ, ಏಳೋದು ತಡವಾಯ್ತು.

"ಅಷ್ಟು ದೊಡ್ಡ ಕಂಪ್ನೀಲಿ ಅಪ್ರೆಂಟಿಸು ಅಂತ ಓಗಿ ತಪ್ಪು ಉಡುಕೋದ್ ಕಲೀತಿದ್ದೀಯಾ? ಅದ್ನ ಮನೇಲೇ ಚೆಂದಾಗ್ ಮಾಡ್ತಿದ್ದಲ್ಲವ್ವ" ಅಂತ ನಿನ್ನೆ ಅಣಕಿಸಿದೆಯಲ್ಲ, ಅದಕ್ಕೆ ಉತ್ತರ ಕೇಳು.

ಹೊಸ ಸಾಫ್ಟ್‌ವೇರು ಜನರ ಕೈಗೆ ಹೋಗೋ ಮುಂಚೆ ನಾವು ಯಾರದಾದರೂ ಹೆಸರು ಹಾಕಿ ಪರೀಕ್ಷೆ ಮಾಡಬೇಕು. ನಾನು ನಿನ್ನದೇ ಹಾಕಿದೆ, ಚಿಕ್ಕಬೋರಮ್ಮ ಅಂತ. ಮನೆತನದ ಹೆಸರೂ ಬೇಕು ಅಂತ ಆ ಸಾಫ್ಟ್‌ವೇರು ನಿನ್ನನ್ನು ಹೊರಗೇ ನಿಲ್ಲಿಸಿತು. ನಮ್ಮ ಕಡೆ ಯಾರಿಗಿದೆ ಅದು? ಮೈಯೆಲ್ಲ ಉರಿದುಹೋಯ್ತು. ತಪ್ಪು ನಿನ್ನದಲ್ಲ, ಅದರದು ಅಂತ ಬರೆದುಕೊಟ್ಟೆ. ನಾನು ಹಿಡಿದ ಮೊದಲ ತಪ್ಪು ಅದೇ.

ಕನಸಿನಲ್ಲಿ ನೀನು ಹಾಲಿನ ಕ್ಯಾನು ಹಿಡಿದು ನಮ್ಮ ಆಫೀಸಿನ ಗಾಜಿನ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಹಿಂದೆ ನಾಲೆ ನೀರು ಸದ್ದಿಲ್ಲದೆ ಒಳಗೆ ಹರಿದು ಬರ್ತಿತ್ತು. ಯಾರೂ ನಿನ್ನನ್ನು ಏನೂ ಕೇಳಲಿಲ್ಲ.

ಈಗ ಆ ತಪ್ಪನ್ನು ಸರಿಮಾಡಿದ್ದಾರಂತೆ. ಇವತ್ತು ಹೋಗಿ ಮೊದಲು ನಿನ್ನ ಹೆಸರನ್ನೇ ಹಾಕ್ತೀನಿ. ಫೋನು ಹತ್ತಿರದಲ್ಲೇ ಇಟ್ಕೊಂಡಿರು, ನೀನು ಒಳಗೆ ಹೋದ ತಕ್ಷಣ ಹೇಳ್ತೀನಿ.

ಚಿನ್ನು