ಅಜ್ಜಿ ಎಂಬ ಅನಧಿಕೃತ ನೆರವು

ಅಂತರರಾಷ್ಟ್ರೀಯ ಶಾಲೆಯ ಶೈಕ್ಷಣಿಕ ನೀತಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ಮಗಳು ಪ್ರಬಂಧ ಕದ್ದಿಲ್ಲ. ಕದ್ದಿಲ್ಲವೆಂದು ತೋರಿಸಲು ನಾವು ತಂದುಕೊಟ್ಟ ಪುರಾವೆಯನ್ನೇ ತಾವು ಹೊಸ ಅಪರಾಧವೆಂದು ದಾಖಲಿಸಿಕೊಂಡಿದ್ದೀರಿ. ಅವಳ ಫಲಿತಾಂಶ ತಡೆಹಿಡಿದಿದ್ದೀರಿ, ಅದು ಬರದೆ ಅವಳು ಮುಂದಿನ ತರಗತಿಗೆ ಕಾಲಿಡುವಂತಿಲ್ಲ. ನಾನು ಇಮೇಲ್ ಕಳಿಸಿದಾಗಲೆಲ್ಲ "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಎಂದು ಯಂತ್ರವೇ ಉತ್ತರ ಕೊಡುತ್ತದೆ. ಅಮೂಲ್ಯ ವಸ್ತುವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರೋ ಏನೋ, ಓದಿದವರಂತೂ ಯಾರೂ ಕಾಣಲಿಲ್ಲ. ಹಾಗಾಗಿ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಹಲ್ಲಿನ ಡಾಕ್ಟರು. ದಿನವಿಡೀ ಜನರ ಬಾಯಿ ತೆರೆಸುವುದೇ ನನ್ನ ಕಸುಬು. ತಮ್ಮ ನೀತಿಗಳು ನನ್ನ ಮನೆಯಲ್ಲಿ ಇಬ್ಬರ ಬಾಯಿ ಮುಚ್ಚಿಸಿವೆ. ಆ ಇಬ್ಬರು ಯಾರೆಂದು ಮೊದಲು ತಿಳಿಸುತ್ತೇನೆ.

ಒಬ್ಬಳು ನನ್ನ ಮಗಳು. ಮನೆಯಲ್ಲಿ ಅವಳ ಹೆಸರು ಪಿಟೀಲು, ಕುಯ್ಯಲು ಕೂತರೆ ನಿಲ್ಲಿಸುವವಳೇ ಅಲ್ಲ. ಇನ್ನೊಬ್ಬರು ಅವಳ ಅಜ್ಜಿ, ಅಂದರೆ ನನ್ನ ಅತ್ತೆ. ಪಿಟೀಲು ಏನೇ ಬರೆಯಬೇಕಿದ್ದರೂ ಮೊದಲು ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಹತ್ತಿ ಕೂತು, ಅದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ಇಂಗ್ಲಿಷ್ ಬಾರದು. ಬೀನ್ಸ್ ನಾರು ಬಿಡಿಸುತ್ತ "ಹಾಗಂದ್ರೆ?" ಅನ್ನುತ್ತಾರೆ. ಅದಕ್ಕೆ ಉತ್ತರ ಹೇಳಿ ಹೇಳಿ ಹುಡುಗಿಗೆ ತಾನು ಏನು ಯೋಚಿಸುತ್ತಿದ್ದೇನೆಂದು ಗೊತ್ತಾಗುತ್ತದೆ. ಮಾತು ಬಗೆಹರಿದ ಮೇಲೆ ಒಂದೇ ಪಟ್ಟಿಗೆ ಕೂತು ಬರೆದು ಮುಗಿಸುತ್ತಾಳೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೋಮ್‌ವರ್ಕ್ ಆಗಿದ್ದೇ ಹೀಗೆ.

ಈ ಸಲದ ಪ್ರಬಂಧ ನಮ್ಮ ಬೀದಿಯ ಬಸ್ ಸ್ಟಾಪಿನ ಬಗ್ಗೆ.

"ಅಜ್ಜಿ, ಅಲ್ಲಿ ಬೆಂಚಿದ್ರೂ ಯಾರೂ ಕೂರಲ್ಲ."

"ಹಾಗಂದ್ರೆ? ಅವರಿಗೇನು ಕಾಲು ನೋಯಲ್ವಾ?"

"ನೋಯುತ್ತೆ. ಆದ್ರೂ ನಿಂತೇ ಇರ್ತಾರೆ."

"ನೀನು ಕೂತು ನೋಡಿದ್ಯಾ?"

ಹೋಗಿ ಕೂತು ನೋಡಿದಳು. ಅಲ್ಲಿಂದಲೇ ಕೂಗುತ್ತ ಓಡಿ ಬಂದಳು: "ಅಜ್ಜೀ, ಕೂತ್ರೆ ಬಸ್ಸೇ ಕಾಣಲ್ಲ! ಬೆಂಚು ಆ ಕಡೆ ತಿರುಗಿದೆ!" ಬಸ್ ಬರುವ ದಿಕ್ಕಿಗೆ ಬೆನ್ನು ಹಾಕಿ ಬೆಂಚು ಹಾಕಿಸಿದವರು ಒಂದು ದಿನವೂ ಅಲ್ಲಿ ಬಸ್ಸಿಗೆ ಕಾದವರಲ್ಲ ಎಂದು ಪ್ರಬಂಧ ಮುಗಿಸಿದಳು. ಹದಿಮೂರು ವರ್ಷದ ಹುಡುಗಿ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಮಕ್ಕಳು ಬರೆಯಲೆಂದು ಶಾಲೆ ಕೊಟ್ಟಿರುವ ಟ್ಯಾಬ್ಲೆಟ್ಟಿಗೆ ಮಾತ್ರ ಸಂಶಯ ಬಂತು. ಮಕ್ಕಳು ಎಷ್ಟು ಸಲ ಅಳಿಸಿದರು, ಎಲ್ಲಿ ತಡವರಿಸಿದರು ಎಂದು ಅದು ಲೆಕ್ಕ ಇಡುತ್ತದಂತೆ. ಅಳಿಸಿ ಅಳಿಸಿ ಬರೆದವರು ಸಾಚಾ, ತಡವರಿಸದೆ ಬರೆದವರು ಯಂತ್ರದಿಂದ ಬರೆಸಿಕೊಂಡವರು. ಪಿಟೀಲಿನ ಪ್ರಬಂಧಕ್ಕೆ ಕೆಂಪು ಗುರುತು ಬಿತ್ತು.

ಪುಣ್ಯಕ್ಕೆ ನಮ್ಮ ಯಜಮಾನರು ಆ ಅಜ್ಜಿ-ಮೊಮ್ಮಗಳ ಹರಟೆಯನ್ನು ತಮ್ಮ ತಂಗಿಗೆ ಕಳಿಸೋಣವೆಂದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಅದನ್ನು ಹಿಡಿದು, ಗೆದ್ದೆವೆಂದು ಕುಣಿಯುತ್ತ ಶಾಲೆಗೆ ಬಂದೆವು. ಅತ್ತೆ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದರು. ತಮ್ಮ ಗಾಜಿನ ಕೋಣೆಯ ಹೊರಗೆ ಇಪ್ಪತ್ತು ಭಾಷೆಗಳಲ್ಲಿ 'ಸ್ವಾಗತ' ಎಂದು ಬರೆದಿದೆ. ಗಾಜಿನ ಒಳಗೆ ಒಂದೇ ಭಾಷೆ. "ನಾನೇನ್ ಹೇಳ್ಕೊಟ್ಟೆ ಸ್ವಾಮಿ? ಕೇಳ್ದೆ ಅಷ್ಟೇ" ಅಂದರು ಅತ್ತೆ. ನಾನು ಅನುವಾದಿಸಲು ಹೋದರೆ, ಪೋಷಕರ ಅನುವಾದ ಸಾಕ್ಷ್ಯವಾಗದು ಎಂದಿರಿ. ಅಲ್ಲಿಗೆ ಅವರು ಆಡಿದ ಮಾತು ಆಡಲೇ ಇಲ್ಲವೆಂದಾಯಿತು.

ಆಮೇಲೆ ತೀರ್ಪು. ಯಂತ್ರ ಬರೆದಿಲ್ಲ, ಒಪ್ಪಿದಿರಿ. ಆದರೆ ಮೌಲ್ಯಮಾಪನ ನೀತಿಯ ಪ್ರಕಾರ ಇನ್ನೊಬ್ಬರೊಡನೆ ಯೋಚಿಸಿದ್ದು 'ಅನಧಿಕೃತ ನೆರವು'. ಭಾಷಾ ನೀತಿಯ ಪ್ರಕಾರ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದದ್ದು ಅನುವಾದ, ಆದ್ದರಿಂದ ಸ್ವಂತದ್ದಲ್ಲ. ತಂತ್ರಜ್ಞಾನ ನೀತಿಯ ಪ್ರಕಾರ ಶಾಲೆಯದಲ್ಲದ ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇ ಅಕ್ರಮ. ಒಂದು ಆರೋಪ ಕೊಟ್ಟು ಮೂರು ಹೊತ್ತುಕೊಂಡು ಬಂದೆವು. ಇಂಥ ವ್ಯಾಪಾರ ಸಂತೆಯಲ್ಲೂ ನಡೆಯುವುದಿಲ್ಲ.

ಮಾನ್ಯರೇ, ತಮ್ಮ ನೀತಿ ಪುಸ್ತಕದ ಕೊನೆಯಲ್ಲಿ 'ಸಮಿತಿಯಿಂದ ರಚಿತ' ಎಂದಿದೆ. ಸಮಿತಿ ಎಂದರೇನು? ಒಬ್ಬರಿಗೊಬ್ಬರು "ಹಾಗಂದ್ರೆ?" ಎಂದು ಕೇಳಿಕೊಂಡವರು ತಾನೇ? ತಾವು ಮೇಜಿನ ಸುತ್ತ ಕೂತು ಮಾಡಿದರೆ ಸಮಾಲೋಚನೆ, ನನ್ನ ಅತ್ತೆ ಬೀನ್ಸ್ ಬಿಡಿಸುತ್ತ ಮಾಡಿದರೆ ನೆರವೇ? ಅಥವಾ ತಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳಲೇ ಇಲ್ಲವೇ? ಪುಸ್ತಕ ಓದಿದರೆ ಹಾಗೂ ಅನ್ನಿಸುತ್ತದೆ.

ಮೇಲ್ಮನವಿ ಸಲ್ಲಿಸಬಹುದಂತೆ. ಅದನ್ನು ಮಗುವೇ ಒಬ್ಬಳೇ, ಇಂಗ್ಲಿಷಿನಲ್ಲಿ, ಅದೇ ಟ್ಯಾಬ್ಲೆಟ್ಟಿನಲ್ಲಿ ಬರೆಯಬೇಕು. ಚೆನ್ನಾಗಿ ಬರೆದರೆ ಮತ್ತೆ ಕೆಂಪು, ಕೆಟ್ಟದಾಗಿ ಬರೆದರೆ ಮನವಿ ನಿಲ್ಲುವುದಿಲ್ಲ. ನಾನು ಪಕ್ಕದಲ್ಲಿ ಕೂತರೆ ಮತ್ತೊಂದು ನೆರವು. ಬೇರೆ ಶಾಲೆಗೆ ಸೇರಿಸೋಣವೆಂದರೆ ವಿಚಾರಣೆ ಮುಗಿಯದೆ ಟಿ.ಸಿ. ಕೊಡುವುದಿಲ್ಲ, ಮೇಲ್ಮನವಿ ಇಲ್ಲದೆ ವಿಚಾರಣೆ ಮುಗಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಆ ದರಿಗೂ ಪುಲಿಗೂ ನೀತಿಸಂಹಿತೆ ಇರಲಿಲ್ಲ, ಅಷ್ಟರಮಟ್ಟಿಗೆ ಅವುಗಳ ನಡುವೆ ಸಿಕ್ಕಿಕೊಂಡವರು ಪುಣ್ಯವಂತರು.

ಕಳೆದ ವಾರ ಮುಂದಿನ ಪ್ರಬಂಧ ಬಂತು. ಪಿಟೀಲು ಅಡುಗೆಮನೆಗೆ ಹೋಗಲಿಲ್ಲ. ತನ್ನ ಕೋಣೆಯಲ್ಲಿ ಒಂದು ಪದ ಒತ್ತುವುದು, ಅಳಿಸುವುದು, ಸುಮ್ಮನೆ ಕಾಯುವುದು, ಮತ್ತೆ ಅದೇ ಪದ ಒತ್ತುವುದು, ಹೀಗೇ ಮಾಡುತ್ತಿದ್ದಳು.

"ಏನೇ ಮಾಡ್ತಿದ್ದೀಯಾ?"

"ತಪ್ಪು ಮಾಡ್ತಿದೀನಮ್ಮ. ಪ್ರಾಮಾಣಿಕವಾಗಿ ಕಾಣಬೇಕಲ್ಲ."

ಆ ಪ್ರಬಂಧಕ್ಕೆ ಹಸಿರು ಗುರುತು ಬಂತು. 'ನೈಜ ಪ್ರಯತ್ನ' ಎಂಬ ಮೆಚ್ಚುಗೆ ಬೇರೆ! ಅಭಿನಂದನೆಗಳು ಮಾನ್ಯರೇ. ನೆಟ್ಟಗೆ ಇದ್ದ ಮಗುವಿಗೆ ನಾಟಕವಾಡಲು ಕಲಿಸಿದಿರಿ, ಆ ವಿಷಯದಲ್ಲಿ ಅವಳು ತೇರ್ಗಡೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಈಗ ಅವಳು ಮನೆಗೆ ಬಂದರೆ ಅಜ್ಜಿ "ಇವತ್ತೇನಾಯ್ತೇ?" ಎಂದು ಕೇಳುವಂತಿಲ್ಲ. "ಕೇಳ್ಬೇಡ ಅಜ್ಜಿ, ಆಮೇಲೆ ನಿನ್ನ ಹೆಸರು ಬರುತ್ತೆ" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಮೊನ್ನೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ನಾನು ಮಾತಾಡಿದ್ದಕ್ಕೇ ಮಗು ಫೇಲಾಯ್ತೇನೇ?" ಎಂದು ಕೇಳಿದರು. ತಾವೇ ಹೇಳಿ, ಏನು ಉತ್ತರ ಕೊಡಲಿ?

ನನ್ನ ಬೇಡಿಕೆ ಇಷ್ಟು. ಅವಳ ಫಲಿತಾಂಶ ಬಿಡುಗಡೆ ಮಾಡಿ. ಸಂಶಯ ಉಳಿದಿದ್ದರೆ ತಾವೇ ನಮ್ಮ ಬಸ್ ಸ್ಟಾಪಿಗೆ ಬನ್ನಿ. ಆ ಬೆಂಚಿನ ಮೇಲೆ ಬಸ್ಸಿಗೆ ಬೆನ್ನು ಹಾಕಿ ಕೂತು, ಅವಳನ್ನು ಯಾವ ಭಾಷೆಯಲ್ಲಾದರೂ "ಹಾಗಂದ್ರೆ?" ಎಂದು ಕೇಳಿ. ಆಮೇಲೆ, ಮೊಮ್ಮಗಳೊಡನೆ ಮಾತಾಡುವುದು ಅಪರಾಧವಲ್ಲ ಎಂದು ನನ್ನ ಅತ್ತೆಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಅವರಿಗೆ ಕಣ್ಣು ಸ್ವಲ್ಪ ಮಂಜು.

ಈ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಬೀನ್ಸ್ ಬಿಡಿಸುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ತಲೆಯೆತ್ತಿ "ಹಾಗ..." ಎಂದವರು, ಮೊಮ್ಮಗಳ ಮುಚ್ಚಿದ ಬಾಗಿಲ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅವರ ಉಳಿದರ್ಧ ಮಾತು ತಮ್ಮ ಹತ್ತಿರ ಇದೆ ಮಾನ್ಯರೇ, ವಾಪಸು ಕೊಡಿ.

ಇಂತಿ,
ಊರಿನವರ ಬಾಯಿ ತೆರೆಸಬಲ್ಲ, ಮನೆಯವರ ಬಾಯಿ ತೆರೆಸಲಾರದ
ಒಬ್ಬ ತಾಯಿ, ಒಬ್ಬ ಸೊಸೆ