ಎರಡು ಸೊನ್ನೆ

ಜನವರಿ 12
ಕಾಲೇಜಿನ ಪ್ರಾಜೆಕ್ಟಿನಲ್ಲಿ ಮೂರನೇ ವಾರವೂ ಜೋಡಿಯವಳ ಜೊತೆ ಅದೇ ಜಗಳ, ಯಾರ ಮಾತು ನಡೆಯಬೇಕು ಅಂತ. ಸಿವಿಲ್‌ನವರೊಬ್ಬರು, ಡಿಸೈನ್‌ನವರೊಬ್ಬರು ಜೋಡಿಯಾಗಿ ನಿಜವಾದ ಕೋಣೆ ಕಟ್ಟಬೇಕಂತೆ — ಕಾಗದದ ಮೇಲಲ್ಲ. ನನ್ನ ಪಾಲಿಗೆ ಬಂದವಳು ಪೆನ್ಸಿಲನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಊರೆಲ್ಲ ಅದನ್ನೇ ಹುಡುಕುವವಳು. ಹಾಗಾಗಿ ಹೆಸರೂ ಪೆನ್ಸಿಲ್. ಅವಳಿಗೆ ನಾನು ಸಿಮೆಂಟು. "ಬೇಗ ಗಟ್ಟಿಯಾಗ್ತೀಯ ಕಣೇ, ಅದಕ್ಕೆ." ನಗು ಬಂತು. ತೋರಿಸಿಕೊಳ್ಳಲಿಲ್ಲ.

ಜನವರಿ 14
ಕೋಣೆ ಲೈಬ್ರರಿ ಮೇಡಂಗೆ. ಕಾರಿಡಾರಿಗೆ ಅಂಟಿಕೊಂಡ ಪುಟ್ಟ ಓದುವ ಕೋಣೆ. ಗಾಲಿಕುರ್ಚಿಯಲ್ಲೇ ಓಡಾಡುತ್ತಾರೆ. ಏನು ಬೇಕು ಎಂದು ಕೇಳಿದೆವು. ಕಿಟಕಿ, ಫ್ಯಾನು ಎನ್ನುತ್ತಾರೆಂದುಕೊಂಡಿದ್ದೆ.
"ಎಲ್ಲಾ ಬಾಗಿಲಲ್ಲೂ 'ಸ್ವಲ್ಪ ಎತ್ತಪ್ಪಾ, ಸ್ವಲ್ಪ ತಳ್ಳಮ್ಮಾ' ಅಂತ ಕೇಳಿ ಕೇಳಿ ಸಾಕಾಗಿದೆ. ಒಂದು ಕೋಣೆಗಾದ್ರೂ ನಾನೇ ಹೋಗೋ ಹಾಗೆ ಮಾಡಿಕೊಡಿ."
ಬರೆದುಕೊಳ್ಳುತ್ತಿದ್ದ ಪೆನ್ಸಿಲ್ ತಲೆಯೇ ಎತ್ತಲಿಲ್ಲ.

ಫೆಬ್ರವರಿ 2
ನೆಲಕ್ಕೆ ಕಾಂಕ್ರೀಟು ಬಿತ್ತು. ಅವಳ ಡ್ರಾಯಿಂಗ್‌ನಲ್ಲಿ ಕಾರಿಡಾರಿನ ಮಟ್ಟ ಸೊನ್ನೆ, ಕೋಣೆಯ ಮಟ್ಟವೂ ಸೊನ್ನೆ, ಅಂದರೆ ಎರಡೂ ಸಮ. ದಾರ ಎಳೆದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಉಬ್ಬಿಹೋದೆ. ಪೆನ್ಸಿಲ್ ಬಂದಿರಲಿಲ್ಲ. ಹತ್ತು ದಿನದಿಂದ ಹಾಸುಗಲ್ಲು ಆರಿಸುತ್ತಿದ್ದಾಳೆ. ಬಾಗಿಲಿಂದ ಕಿಟಕಿವರೆಗೆ ಕಪ್ಪು, ಬೂದು ಕಲ್ಲಿನ ಹಾದಿ... ಜೀವವೆಲ್ಲ ಅದರಲ್ಲೇ ಇದೆ.

ಫೆಬ್ರವರಿ 11, ಬೆಳಿಗ್ಗೆ
ಕಲ್ಲು ಹಾಸಲು ಮೇಸ್ತ್ರಿ ಬಂದರು. ಬಾಗಿಲ ಬಳಿ ಒಂದನ್ನು ಇಟ್ಟು ನೋಡಿ ಎದ್ದು ನಿಂತರು.
"ಗಾರೆ, ಕಲ್ಲು ಸೇರಿ ಎರಡಿಂಚು ಮೇಲಾಗುತ್ತೆ. ಕುರ್ಚಿ ಹೇಗೆ ಹತ್ತುತ್ತೆ?"
ನನ್ನ ಸೊನ್ನೆ ಕಾಂಕ್ರೀಟಿನ ಮೇಲೆ. ಅವಳ ಸೊನ್ನೆ ಕಲ್ಲಿನ ಮೇಲೆ. ಕಾಂಕ್ರೀಟು ಎರಡಿಂಚು ಕೆಳಗೇ ನಿಲ್ಲಬೇಕಿತ್ತು.
"ಇಬ್ರೂ ಓದಿದೋರು. ಸೊನ್ನೆ ಎಲ್ಲಿಂದ ಅಂತ ಒಬ್ರೂ ಕೇಳ್ಲಿಲ್ವಾ?"
ಇಳಿಜಾರು ಮಾಡೋಣ ಎಂದೆ. ಕಾರಿಡಾರ್ ಇಕ್ಕಟ್ಟು, ಕುರ್ಚಿ ತಿರುಗಲು ಜಾಗವಿಲ್ಲ. ಎಲ್ಲರೆದುರು ಪೆನ್ಸಿಲ್ ಮೇಲೆ ರೇಗಿದೆ. "ಕಲ್ಲಿನ ಮೇಲಿಂದ ಅಂತ ಬರೆಯೋಕೆ ಏನಾಗಿತ್ತು ನಿಂಗೆ?" ಚೀಲ ಎತ್ತಿಕೊಂಡು ಹೊರಟೇ ಹೋದಳು.

ಅದೇ ದಿನ, ಸಂಜೆ
ಅಪ್ಪನಿಗೆ ಫೋನು. ಅವಳದ್ದೇ ತಪ್ಪು ಎಂದು ಕಥೆ ಹೇಳಿದೆ. ಅಪ್ಪ ಟೈಲರು, ಹೊಲಿಗೆ ಮಷಿನ್ ನಿಲ್ಲಿಸದೆಯೇ ಕೇಳಿಸಿಕೊಂಡರು.
"ಅಳತೆ ಸ್ವೆಟರ್ ಮೇಲಿಂದಾನಾ, ಒಳಗಿನ ಶರ್ಟ್ ಮೇಲಿಂದಾನಾ ಅಂತ ಮೊದಲು ಕೇಳ್ಬೇಕು ಮಗಳೇ. ಕೇಳದೆ ಹೊಲಿದೋರದ್ದೂ ತಪ್ಪೇ."
ಹೊಲಿದವಳು ನಾನು.

ಫೆಬ್ರವರಿ 16
ಐದು ದಿನ ಮಾತಿಲ್ಲ. ತಪ್ಪು ಒಪ್ಪಿಕೊಳ್ಳೋಣವೆಂದು ಪ್ರೊಫೆಸರ್ ಹತ್ತಿರ ಹೋದರೆ ಪೆನ್ಸಿಲ್ ಆಗಲೇ ಅಲ್ಲಿ. "ನಾನೇ ಸರಿಯಾಗಿ ಬರೀಲಿಲ್ಲ ಸರ್. ಕಲ್ಲು ಬೇಡ. ಕಾಂಕ್ರೀಟನ್ನೇ ಉಜ್ಜಿ ನುಣುಪು ಮಾಡಿದ್ರೆ ಮಟ್ಟ ಹಾಗೇ ಉಳಿಯುತ್ತೆ."
"ನಾನೂ ಕೇಳ್ಲಿಲ್ಲ ಸರ್," ಎಂದೆ. ಹೊರಗೆ ಬಂದು ಅವಳ ತೋಳು ಹಿಡಿದೆ. "ನಿನ್ನ ಹಾದಿ?"
"ಮೇಡಂಗೇ ಬರೋಕಾಗ್ದಿದ್ರೆ ಹಾದಿ ಯಾರಿಗೆ ಕಣೇ?"
ಅತ್ತುಬಿಟ್ಟೆ, ಅವಳೆದುರೇ. "ಅಯ್ಯೋ, ಸಿಮೆಂಟು ಒದ್ದೆಯಾಯ್ತು," ಎಂದು ನಕ್ಕಳು. ಅವಳ ಕಣ್ಣೂ ಒದ್ದೆಯೇ. ಇವಳನ್ನು ನೋಯಿಸಿದೆನಲ್ಲ.

ಮಾರ್ಚ್ 6
ನೆಲ ಉಜ್ಜಿ ಮುಗಿಯಿತು. ಅವಳಿಗೆ ಹೇಳದೆ ಮೂಲೆಯಲ್ಲಿದ್ದ ಕಲ್ಲುಗಳನ್ನು ಹೊತ್ತು ತಂದು ಕಿಟಕಿ ಕಟ್ಟೆಯ ಮೇಲೆ ಕೂರಿಸಿದೆವು, ಮೇಸ್ತ್ರಿ ಮತ್ತು ನಾನು. ಕಪ್ಪು, ಬೂದು, ಅವಳ ಲೆಕ್ಕದಲ್ಲೇ. ಕುರ್ಚಿಯಲ್ಲಿ ಕೂತವರ ಕೈಗೆ ಎಟುಕುತ್ತದೆ. ಈ ಸಲ ಎತ್ತರವನ್ನು ಮೇಡಂ ಹತ್ತಿರವೇ ಕೇಳಿಕೊಂಡು ಬಂದಿದ್ದೆ.

ಮಾರ್ಚ್ 9, ಬೆಳಿಗ್ಗೆ 10
ಪೆನ್ಸಿಲ್ ನೇರ ಕಟ್ಟೆಯ ಹತ್ತಿರ ಹೋದಳು. ಒಂದೊಂದೇ ಕಲ್ಲು ಸವರಿದಳು. ಅಷ್ಟರಲ್ಲಿ ಮೇಡಂ ಬಂದರು. ಬಾಗಿಲಲ್ಲಿ ಕುರ್ಚಿ ನಿಲ್ಲಿಸಿ, ಅಭ್ಯಾಸಬಲ... "ಸ್ವಲ್ಪ ಎತ್ತಮ್ಮಾ."
ನಾನು ಮುಂದಾದೆ. ಪೆನ್ಸಿಲ್ ನನ್ನ ಕೈ ಹಿಡಿದು ನಿಲ್ಲಿಸಿದಳು. "ನೀವೇ ಬನ್ನಿ ಮೇಡಂ."
ಗಾಲಿ ತಿರುಗಿತು. ಸದ್ದೇ ಇಲ್ಲ. ಮೇಡಂ ಒಳಗಿದ್ದರು. ಹಿಂತಿರುಗಿ ಬಾಗಿಲು ನೋಡಿದರು. ಹೊರಗೆ ಹೋದರು. ಮತ್ತೆ ಒಳಗೆ. ಮತ್ತೆ ಹೊರಗೆ. ಇಲ್ಲೇ ಕಟ್ಟೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್ ಎಣಿಸುತ್ತಿದ್ದಾಳೆ. ಈಗ ಐದನೇ ಸಲ —