ಪೆನ್ಸಿಲ್ ಪುಡಿ ಎಂದು ಬರೆದವರಿಗೆ

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವ ಗ್ರಾಫೀನ್ ಪುಡಿಯನ್ನು ತಾವು ದಾಖಲೆಯಲ್ಲಿ 'ಪೆನ್ಸಿಲ್ ಪುಡಿ' ಎಂದು ಬರೆದು, ಲೇಖನ ಸಾಮಗ್ರಿಗಳ ಪಟ್ಟಿಗೆ ಸೇರಿಸಿ ಹನ್ನೊಂದು ತಿಂಗಳಾಯಿತು. ಆ ಒಂದು ಪದದ ದೆಸೆಯಿಂದ ನಮ್ಮ ಪ್ಯಾಕಿಂಗ್ ಕೊಠಡಿಗೆ ಧೂಳು ಹೀರುವ ಯಂತ್ರ ಬಂದಿಲ್ಲ. ತಪ್ಪಾಯಿತು, ಬಂದಿದೆ. ಅಂಗಳದಲ್ಲಿ, ಮೊಳೆ ಹೊಡೆದ ಮರದ ಪೆಟ್ಟಿಗೆಯೊಳಗೆ ಸುಖವಾಗಿದೆ. ಅದರ ಕೊಳವೆಗೆ ಛಾವಣಿ ಕೊರೆಯಬೇಕು, ಕೊರೆಯಲು ತಮ್ಮ ಅನುಮತಿ ಬೇಕು. ಕೇಳಿದ್ದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರ ನನಗೀಗ ಬಾಯಿಪಾಠ: "ಅಪಾಯಕಾರಿಯಲ್ಲದ ವಸ್ತುವಿಗೆ ಅಪಾಯ ನಿವಾರಣಾ ಯಂತ್ರ ಅಳವಡಿಸಲು ನಿಯಮದಲ್ಲಿ ಅವಕಾಶವಿಲ್ಲ." ಸದ್ಯ ಆ ಪೆಟ್ಟಿಗೆಯ ಮರೆಯಲ್ಲಿ ಬೆಕ್ಕೊಂದು ನಾಲ್ಕು ಮರಿ ಹಾಕಿದೆ. ಯಂತ್ರದಿಂದ ಇದುವರೆಗೆ ಉಪಕಾರವಾದದ್ದು ಆ ಬಾಣಂತಿಗೆ ಮಾತ್ರ.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆ ಕೊಠಡಿಯ ಮೇಲ್ವಿಚಾರಕಿ ನಾನೇ. "ಏನಮ್ಮಾ ಇದು?" ಎಂದು ಕೇಳಿದಿರಿ. ಜರಡಿಯ ಮುಂದೆ ನಿಂತಿದ್ದವಳು ನನ್ನ ಸ್ವಂತ ತಂಗಿ. ಅವಳು ಉತ್ಸಾಹದಿಂದ ವಿವರಿಸಿದಳು: "ಪೆನ್ಸಿಲ್ ಒಳಗೆ ಗ್ರಾಫೈಟ್ ಇರುತ್ತಲ್ಲ ಸಾರ್, ಅದನ್ನೇ ಆಸಿಡ್‌ನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಒಂದೇ ಸಲ ಜೋರು ಬಿಸಿ ಕೊಟ್ರೆ ಉಬ್ಬುತ್ತೆ. ಪದರ ಪದರ ಬಿಟ್ಕೊಳ್ಳುತ್ತೆ. ಕಣ್ಣಿಗೆ ಕಾಣದಷ್ಟು ತೆಳು. ಬ್ಯಾಟರಿಗೆ, ಟೈರಿಗೆ, ಪೇಂಟಿಗೆಲ್ಲಾ ಹಾಕ್ತಾರೆ." ತಮ್ಮ ಕಿವಿಗೆ ಬಿದ್ದದ್ದು ಮೊದಲನೆಯ ಪದ ಒಂದೇ. ಚಿಟಿಕೆ ಪುಡಿ ತೆಗೆದು ಫೈಲಿನ ಅಂಚಿಗೆ ಹೆಬ್ಬೆರಳಿನಿಂದ ತಿಕ್ಕಿದಿರಿ. ಕಪ್ಪು ಗೆರೆ ಮೂಡಿತು. "ಬರೆಯುತ್ತಲ್ಲ! ಮತ್ತೆ ಪೆನ್ಸಿಲ್ಲೇ!" ಎಂದು ನಕ್ಕಿರಿ. ವಿಜ್ಞಾನಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವ ವಸ್ತುವಿನ ಪರೀಕ್ಷೆ ತಮ್ಮ ಹೆಬ್ಬೆರಳಲ್ಲಿ ಅರ್ಧ ನಿಮಿಷಕ್ಕೆ ಮುಗಿಯಿತು. ಗೆರೆ ಎಳೆಯುವುದೆಲ್ಲ ಪೆನ್ಸಿಲ್ಲಾದರೆ ಇದ್ದಿಲು, ಇಟ್ಟಿಗೆ ಚೂರು, ಒಲೆಯ ಮಸಿ ಇವನ್ನೂ ಶಾಲೆಗಳಿಗೆ ಹಂಚಬಹುದಲ್ಲವೇ?

ಆಮೇಲೆ ತಾವು ಬಿಳಿ ಕರವಸ್ತ್ರ ತೆಗೆದು ಮೇಜು ಒರೆಸಿದಿರಿ. ಅದು ಬಿಳಿಯಾಗಿಯೇ ಉಳಿಯಿತು. "ಧೂಳು ಕಂಡುಬಂದಿಲ್ಲ" ಎಂದು ಬರೆದುಕೊಂಡಿರಿ. ಎಲ್ಲಿ ಕಂಡೀತು? ಹಿಂದಿನ ಮಧ್ಯಾಹ್ನವೇ ನಾನು ಜರಡಿ ನಿಲ್ಲಿಸಿದ್ದೆ. ನೆಲ, ಮೇಜು, ಕಿಟಕಿಯ ಸರಳನ್ನು ಸಹ ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದ್ದೆ. ಯಾರೂ ಹೇಳಿರಲಿಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಮಾಡುವಂತೆ ಮಾಡಿದೆ. ತಾವು ಹೊಗಳಿದಾಗ ಹಿಗ್ಗಿ, ಆ ವರದಿಗೆ ಸಾಕ್ಷಿಯಾಗಿ ಸಹಿಯನ್ನೂ ಹಾಕಿದೆ. ಈ ಪಾಪದಲ್ಲಿ ನನಗೂ ಸಮಪಾಲಿದೆ ಎಂಬುದನ್ನು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಕೆಲಸದ ದಿನ ನಮ್ಮ ಕೊಠಡಿ ಹೇಗಿರುತ್ತದೆ ಎಂದು ಕೇಳಿ. ಆ ಪುಡಿ ಎಷ್ಟು ಹಗುರವೆಂದರೆ ದಿಂಬಿನ ಗಾತ್ರದ ಚೀಲ ಎತ್ತಿದರೂ ಕೈಗೆ ಭಾರವೇ ಗೊತ್ತಾಗುವುದಿಲ್ಲ. ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಸೀನು ಬಂದರೆ ಮೂಗು ಹಿಡಿದು ಹೊರಗೆ ಓಡಬೇಕು, ಇಲ್ಲದಿದ್ದರೆ ಅರ್ಧ ಗಂಟೆಯ ದುಡಿಮೆ ಗೋಡೆಗೆ ಹೋಗಿ ಅಂಟುತ್ತದೆ. ಪುಡಿ ಹಾರಬಾರದೆಂದು ಇಷ್ಟು ಜತನ ಮಾಡುತ್ತೇವೆ. ಹಾರಿದ್ದು ಎಲ್ಲಿಗೆ ಹೋಗುತ್ತದೆಂದು ಕೇಳುವವರಿಲ್ಲ. ಲೇಖನ ಸಾಮಗ್ರಿಯವರಿಗೆ ಸಾಕೆಂದು ತಾವು ಮಂಜೂರು ಮಾಡಿದ ಬಟ್ಟೆಯ ಮಾಸ್ಕು ಸಂಜೆ ಬಿಚ್ಚಿದರೆ ಒಳಗಡೆಯೂ ಕಪ್ಪಾಗಿರುತ್ತದೆ.

ನನ್ನ ತಂಗಿಗೆ ಕೊಠಡಿಯಲ್ಲಿ 'ರೇಡಿಯೋ' ಎಂದೇ ಹೆಸರು. ಮಾಸ್ಕಿನೊಳಗಿಂದಲೇ ಅತ್ತೆಯ ಕಥೆ, ನೆರೆಮನೆಯ ಕಥೆ, ಯಾರೋ ಯಾರಿಗೋ ಅಂದ ಕಥೆ ಬಿಡದೆ ಹೇಳುತ್ತಿದ್ದವಳು. ಈಗ ಒಂದು ವಾಕ್ಯ ಶುರು ಮಾಡಿದರೆ ನಡುವೆ ಎರಡು ಸಲ ಕೆಮ್ಮಿ, "ಇರು ಅಕ್ಕಾ" ಎನ್ನುತ್ತಾಳೆ. ವೈದ್ಯರ ಬಳಿ ಕರೆದೊಯ್ದೆ. ಅವರು ಅವಳ ಗುರುತಿನ ಚೀಟಿ ನೋಡಿದರು. ಅದರಲ್ಲಿ ತಮ್ಮ ಕೃಪೆಯಿಂದ 'ಲೇಖನ ಸಾಮಗ್ರಿ ವಿಭಾಗ' ಎಂದಿದೆ. "ಪೆನ್ಸಿಲ್ ಪ್ಯಾಕ್ ಮಾಡೋರಿಗೆ ಹೀಗೆಲ್ಲಾ ಆಗಲ್ಲಮ್ಮಾ. ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?" ಎಂದರು. ಜನ್ಮದಲ್ಲಿ ಸಿಗರೇಟು ಮುಟ್ಟದ ಅವಳ ಗಂಡ ಅಂದಿನಿಂದ ಅಕ್ಕಪಕ್ಕದವರ ಕಣ್ಣಲ್ಲಿ ಕಳ್ಳನಾದ. ಮೂರು ತಿಂಗಳು ಸಿರಪ್ಪು ಕುಡಿದದ್ದಾಯಿತು. ಕೊನೆಗೆ ನಾನೇ ಸಣ್ಣ ಡಬ್ಬಿಯಲ್ಲಿ ಪುಡಿ ಒಯ್ದು ಅವರ ಮೇಜಿನ ಮೇಲಿಟ್ಟೆ. ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. "ಇದ್ರಿಂದಲೇ ಅಂತ ನಾನು ಹೇಳಕ್ಕಾಗಲ್ಲ, ಪೂರ್ತಿ ಯಾರಿಗೂ ಇನ್ನೂ ಗೊತ್ತಿಲ್ಲ. ಆದ್ರೆ ಗೊತ್ತಾಗೋವರೆಗೂ ಇವ್ರು ಆ ರೂಮಿಗೆ ಹೋಗಬಾರ್ದು," ಎಂದು ಹೇಳಿ ಚೀಟಿ ಬರೆದುಕೊಟ್ಟರು.

ಆ ಚೀಟಿಯನ್ನೂ ತಮಗೆ ಕಳಿಸಿದೆ. "ಹಾನಿ ಸಾಬೀತಾಗಿಲ್ಲ" ಎಂದು ಉತ್ತರ ಬಂತು. ಒಪ್ಪಿದೆ ಸ್ವಾಮಿ. ಸಾಬೀತು ಮಾಡುತ್ತಿರುವವರು ಯಾರು? ಪ್ರಯೋಗಾಲಯದಲ್ಲಿ ಇದೇ ಪುಡಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೂರಿಸಿ ಮುಟ್ಟುತ್ತಾರಂತೆ. ಕಲಿತವರು ಅಷ್ಟು ಹೆದರುವಾಗ ನಾವೇಕೆ ಇಷ್ಟು ಧೈರ್ಯವಂತರು? ನಾನು ಗ್ರಾಫೀನಿನ ವಿರೋಧಿಯಲ್ಲ. ನಾವು ಕಟ್ಟಿದ ಚೀಲ ಯಾವುದೋ ಬಸ್ಸಿನ ಬ್ಯಾಟರಿಯಲ್ಲಿದೆ ಎಂದರೆ ಹೆಮ್ಮೆಯಾಗುತ್ತದೆ. ಅದು ನನ್ನ ತಂಗಿಯ ಎದೆಯಲ್ಲೂ ಇರಬಹುದೆಂದರೆ ಸಂಕಟವಾಗುತ್ತದೆ.

ಸೋಮವಾರ ಅವಳ ರಜೆ ಮುಗಿಯುತ್ತದೆ. ಎರಡು ಮಕ್ಕಳ ತಾಯಿ, ಕೆಲಸ ಬಿಡಲಾರಳು. "ಬರ್ತೀನಿ ಅಕ್ಕಾ, ಏನಾಗಲ್ಲ ಬಿಡು," ಎನ್ನುತ್ತಿದ್ದಾಳೆ. ಯಾರು ಜರಡಿಗೆ, ಯಾರು ತೂಕಕ್ಕೆ ಎಂದು ಪಟ್ಟಿ ಬರೆಯುವವಳು ನಾನು. ಬರೆಯಲು ಕೂತರೆ ಕೈ ಏಳುವುದಿಲ್ಲ. ಅವಳ ಹೆಸರು ತೆಗೆದರೆ ಇನ್ನೊಬ್ಬರ ತಂಗಿಯ ಹೆಸರು ಬರೆಯಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ದಾಖಲೆಯಲ್ಲಿ ಆ ಪದ ಹೊಡೆದು ಹಾಕಿ 'ಗ್ರಾಫೀನ್' ಎಂದು ಬರೆಯಿರಿ, ಸೋಮವಾರದೊಳಗೆ ಛಾವಣಿ ಕೊರೆಯಲು ಸಹಿ ಮಾಡಿ. ಮಾಡದಿದ್ದರೆ ಪಟ್ಟಿಯಲ್ಲಿ ಜರಡಿಯ ಸಾಲನ್ನು ಖಾಲಿ ಬಿಡುತ್ತೇನೆ. ಕಾರಣ ಕೇಳಿ ಯಜಮಾನರು ನನ್ನನ್ನು ಕರೆಸುತ್ತಾರೆ, ಕೆಲಸದಿಂದ ತೆಗೆಯಲೂಬಹುದು. ತೆಗೆಯಲಿ. ಆ ಸಾಲಿನಲ್ಲಿ ನನ್ನ ಕೈಯಾರೆ ಇನ್ನು ಯಾರ ಹೆಸರನ್ನೂ ಬರೆಯಲಾರೆ.

ಇಂತಿ,
ಸೋಮವಾರದವರೆಗೆ ಖಚಿತವಾಗಿ ಮೇಲ್ವಿಚಾರಕಿ,
ಆಮೇಲೂ ಅವಳ ಅಕ್ಕ